‘ಟ್ಯಾಕ್ಸ್ ಕಟ್ಟಿದ್ದು ಓಡೋದಕ್ಕೆ ಸ್ವಾಮಿ, ಒರಗೋದಕ್ಕಲ್ಲ!’

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಅಡ್ಡರಸ್ತೆಗಳಲ್ಲಿ ಅದೂ ಒಂದು. ಅಲ್ಲಿ ಬೂದು ಮುಸುಕು ಹೊದ್ದು, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಂತಿರುವ ಭಾರಿ ದೇಹವೇ ಈ ಸಲದ ನಮ್ಮ ಅತಿಥಿ: ಶ್ರೀ ಕ್ಯಾರವಾನ್. ಒಳಗೆ ಮಂಚ, ಒಲೆ, ಫ್ರಿಜ್, ಕಕ್ಕಸು ಎಲ್ಲ ಉಂಟು. ಯಜಮಾನರು ವರ್ಷಕ್ಕೆ ಒಂದೋ ಎರಡೋ ಸಲ ಕೊಡಗಿಗೋ ಗೋಕರ್ಣಕ್ಕೋ ಕರೆದೊಯ್ಯುತ್ತಾರೆ. ಮಿಕ್ಕ ದಿನಗಳ ಪಾಡನ್ನು ಹೇಳಿಕೊಳ್ಳಲು ಶ್ರೀ ಕ್ಯಾರವಾನ್ ಮುಸುಕು ಸರಿಸಿ ಒಪ್ಪಿದರು.

ನಮಸ್ಕಾರ. ಬೀದಿಯವರು ನಿಮ್ಮನ್ನು ಯಾರೆಂದುಕೊಂಡಿದ್ದಾರೆ?

ಸಿನಿಮಾದವನು ಅಂತ! ಬಂದ ಹೊಸದರಲ್ಲಿ ಕಾಲೇಜು ಹುಡುಗರು ಬಾಗಿಲು ತಟ್ಟಿ ‘ಒಳಗಿರೋ ಹೀರೊ ಯಾರು?’ ಅಂತ ಕೇಳೋರು. ಒಳಗಿರೋದು ಹೆಗ್ಗಣ ಅಂತ ಗೊತ್ತಾದ ಮೇಲೆ ಬರೋದು ಬಿಟ್ಟರು. ಸರ್ಕಾರಿ ಕಾಗದದಲ್ಲಿ ನಾನು ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್. ರಾಜ್ಯದ 2020-25ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿದ್ದರು. ನೀತಿಯಲ್ಲಿ ಸಿಕ್ಕ ಜಾಗ ನೆಲದ ಮೇಲೆ ಸಿಗಲಿಲ್ಲ, ಅಷ್ಟೇ.

ಯಜಮಾನರ ಅಪಾರ್ಟ್‌ಮೆಂಟಿಗೆ ಬೇಸ್‌ಮೆಂಟ್ ಇದೆಯಲ್ಲ?

ಇದೆ. ನನ್ನ ಎತ್ತರ ಎರಡೂವರೆ ಮೀಟರಿಗೂ ಮಿಗಿಲು, ನೆತ್ತಿಗೆ ಎ.ಸಿ. ಬೇರೆ. ಮೊದಲ ದಿನವೇ ತೊಲೆಗೆ ಹಣೆ ಬಡಿದು ಹಿಂದಕ್ಕೆ ಬಂದೆ. ಕೊಳ್ಳುವಾಗ ಮಂಚದ ಉದ್ದ ಅಳೆದರು, ಒಲೆಯ ಅಗಲ ಅಳೆದರು, ತಮ್ಮ ಮನೆಯ ಬಾಗಿಲು ಮಾತ್ರ ಅಳೆಯಲಿಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದ ಮೇಲೆ ಎದ್ದ ಬಂಗಲೆಗಳಲ್ಲಿ ಕುದುರೆಗೆ ಲಾಯ, ಸಾರೋಟಿಗೆ ಶೆಡ್ಡು ಇರ್ತಿದ್ದವು. ಈಗ ಆ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸ್ತಾರೆ, ಗಾಡಿಯನ್ನು ಬೀದಿಗೆ ಬಿಡ್ತಾರೆ.

ಬೀದಿಯಲ್ಲಾದರೂ ಬೆಂಗಳೂರಿನ ತಂಪು ಹವೆ ಇದೆಯಲ್ಲ!

ತಂಪು ನಿಮಗೆ, ಬಿಸಿಲು ನನಗೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ಊರು ಇದು. ಗಾಳಿ ತಣ್ಣಗಿದ್ದರೂ ನೇರಳಾತೀತ ಕಿರಣಗಳು ಹರಿತವಾಗೇ ಇರ್ತವೆ. ಟೈರಿನ ಪಕ್ಕೆ ಬಿರಿಯುತ್ತೆ. ಕಿಟಕಿ ಸುತ್ತಲಿನ ರಬ್ಬರು, ಮಾಡಿನ ಸಂದಿಗೆ ಬಳಿದ ಸೀಲಂಟು ಒಣಗುತ್ತೆ. ಏಪ್ರಿಲ್‌ನಲ್ಲಿ ಯಾರ ಕಣ್ಣಿಗೂ ಬೀಳದ ಆ ಬಿರುಕನ್ನು ಸೆಪ್ಟೆಂಬರಿನ ಮಳೆ ಹುಡುಕಿಕೊಂಡು ಬರುತ್ತೆ. ನೀರು ಇಳಿದು ಪ್ಲೈವುಡ್ ಉಬ್ಬಿದ ಮೇಲೆ ಯಜಮಾನರು ‘ಏನೋ ವಾಸನೆ’ ಅಂತಾರೆ.

ಮರದ ನೆರಳು?

ತಬೂಬಿಯಾ ಹೂಬಿಟ್ಟಾಗ ನನ್ನನ್ನು ಕ್ಯಾಮೆರಾದಿಂದ ತಪ್ಪಿಸಿ ಫೋಟೊ ಹೊಡೀತಾರೆ. ಆಮೇಲೆ ಆ ಹೂವೆಲ್ಲ ನನ್ನ ನೆತ್ತಿಗೇ. ನೀರು ಹೋಗೋ ಕಿಂಡಿ ಕಟ್ಟಿಕೊಳ್ಳುತ್ತೆ. ಮುಂಗಾರಿಗೆ ಮುಂಚಿನ ಗಾಳಿಗೆ ಕೊಂಬೆ ಮುರಿದರೆ ಅದೂ ನನ್ನ ಮೇಲೇ. ಟಾರ್ಪಾಲು ಹೊದಿಸಿ ನೋಡಿದರು. ಒಳಗಿನ ತೇವ ಆರದು, ಗಾಳಿಗೆ ಪಟಪಟ ಬಡಿದು ಪೇಂಟನ್ನು ಉಜ್ಜುತ್ತೆ. ಮಡಿಕೆಯಲ್ಲಿ ನೀರು ನಿಂತು ಸೊಳ್ಳೆ ಸಂಸಾರ ಹೂಡಿತು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಸಾರಿ, ಸೊಳ್ಳೆಗೆ ಆಶ್ರಯ ಕೊಟ್ಟವರಿಗೆ ದಂಡ ಅಂದಾಗ ನನ್ನೆದೆ ಧಸಕ್ಕೆಂದಿತ್ತು.

ಹಾಗಾದರೆ ಒಳಗಿಡುವುದೇ ಮೇಲು?

ತಡೀರಿ. ಕೆ.ಆರ್. ಪುರಂ ಆಚೆ ಒಂದು ಗೋಡೌನಿನಲ್ಲಿ ಒಂದು ಮಳೆಗಾಲ ಕಳೆದಿದ್ದೇನೆ. ಬಿಸಿಲಿಲ್ಲ, ಮಳೆಯಿಲ್ಲ, ಹಾಗೇ ಗಾಳಿಯೂ ಇಲ್ಲ. ಹಾಸಿಗೆಗೆ ಬೂಷ್ಟು ಬಂತು. ಫ್ರಿಜ್ ಬಾಗಿಲನ್ನು ಬಿಗಿಯಾಗಿ ಮುಚ್ಚಿ ಹೋಗಿದ್ದರು. ತೆಗೆದ ದಿನ ಅಮ್ಮಾವ್ರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್, ಅದರ ಮೇಲೆ ತಗಡಿನ ಮಾಡು! ಬಯಲಲ್ಲಿ ತಾನೇ ಚಾರ್ಜ್ ಆಗ್ತಿದ್ದ ಬ್ಯಾಟರಿ ಕತ್ತಲಲ್ಲಿ ಸತ್ತಿತ್ತು. ಗ್ಯಾಸ್ ಸಿಲಿಂಡರನ್ನಂತೂ ಬಿಚ್ಚೇ ಇರಲಿಲ್ಲ. ಮುಚ್ಚಿದ ಜಾಗದಲ್ಲಿ ಅದು ಸೋರಿದ್ದರೆ ಈ ಸಂದರ್ಶನಕ್ಕೆ ನಾನಿರ್ತಿರಲಿಲ್ಲ.

ತಪ್ಪು ಗೋಡೌನಿನದೋ ಯಜಮಾನರದೋ?

ಅದೇ ಕೆ.ಆರ್. ಪುರಂನಲ್ಲಿ ರೈಲ್ವೆಯ ಲೋಕೋ ಶೆಡ್ ಇದೆ. ಎಂಜಿನ್ನುಗಳು ಅಲ್ಲಿಗೆ ಮಲಗೋದಕ್ಕೆ ಹೋಗೋದಿಲ್ಲ, ತಪಾಸಣೆಗೆ ಹೋಗ್ತವೆ. ನಮ್ಮವರಿಗೆ ಶೆಡ್ಡು ಅಂದರೆ ಬೀಗ ಹಾಕಿ ಮರೆಯೋ ಜಾಗ. ಒಳಗಿರಲಿ, ಹೊರಗಿರಲಿ, ನೀರಿನ ಟ್ಯಾಂಕು, ಕಕ್ಕಸಿನ ಟ್ಯಾಂಕು ಎರಡೂ ಬರಿದು ಮಾಡಬೇಕು. ಸಿಲಿಂಡರ್ ಇಳಿಸಬೇಕು. ಫ್ರಿಜ್ ಬಾಗಿಲು ಓರೆ ಬಿಡಬೇಕು, ಬ್ಯಾಟರಿಯ ತಂತಿ ಬಿಚ್ಚಬೇಕು ಇಲ್ಲವೇ ಚಾರ್ಜರಿಗೆ ಹಾಕಬೇಕು. ಹ್ಯಾಂಡ್ ಬ್ರೇಕ್ ಎಳೆದೇ ಬಿಟ್ಟರೆ ಲೈನರ್ರು ಡ್ರಮ್ಮಿಗೆ ಕಚ್ಚಿಕೊಳ್ಳುತ್ತೆ. ಚಕ್ರಕ್ಕೆ ಕಲ್ಲು ಕೊಟ್ಟು ಬ್ರೇಕ್ ಬಿಡಬೇಕು. ತಿಂಗಳಿಗೊಮ್ಮೆ ನಾಲ್ಕು ಹೆಜ್ಜೆ ಓಡಿಸಿದರೆ ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗೋದು ತಪ್ಪುತ್ತೆ.

ಯಜಮಾನರು ‘ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ, ರೋಡಲ್ಲೇ ನಿಲ್ಲಿಸ್ತೇನೆ’ ಅನ್ನುತ್ತಾರಂತೆ.

ಟ್ಯಾಕ್ಸ್ ಕಟ್ಟಿದ್ದು ಓಡೋದಕ್ಕೆ ಸ್ವಾಮಿ, ಒರಗೋದಕ್ಕಲ್ಲ! ಜಪಾನಿನಲ್ಲಿ 1962ರಿಂದ ಕಾಯಿದೆಯೇ ಇದೆ, ನಿಲ್ಲಿಸೋ ಜಾಗ ತೋರಿಸದೆ ಕಾರು ಕೊಳ್ಳೋ ಹಾಗಿಲ್ಲ. ನಮ್ಮಲ್ಲೂ 2021ರಲ್ಲಿ ಸರ್ಕಾರ ಪಾರ್ಕಿಂಗ್ ನೀತಿ 2.0ಕ್ಕೆ ಒಪ್ಪಿಗೆ ಕೊಟ್ಟಿತು. ಮನೆ ಮುಂದಿನ ಬೀದಿಯಲ್ಲಿ ನಿಲ್ಲಿಸೋಕೆ ವಾರ್ಷಿಕ ಪರವಾನಗಿ, ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000 ಅಂತ ಅದರಲ್ಲಿತ್ತು. ವರ್ಷಕ್ಕೆ ಐದು ಸಾವಿರಕ್ಕೆ ಇಂದಿರಾನಗರದಲ್ಲಿ ಒಂದು ಚಪ್ಪಲಿ ಸ್ಟ್ಯಾಂಡಿಗಾದರೂ ಜಾಗ ಸಿಗುತ್ತಾ? ಅಷ್ಟಕ್ಕೇ ಜನ ‘ಲೂಟಿ’ ಅಂದರು. 2025ರಲ್ಲಿ ಬಿಬಿಎಂಪಿ ಒಂದಿದ್ದದ್ದು ಐದು ನಗರಪಾಲಿಕೆ ಆಯಿತು. ಕಚೇರಿ ಐದಾದರೂ ನನ್ನ ಬೀದಿ ಒಂದಂಗುಲ ಅಗಲವಾಗಲಿಲ್ಲ. ನಾನು ನಿಂತ ಕಡೆ ಆಂಬುಲೆನ್ಸ್ ತಿರುಗೋದಿಲ್ಲ, ಎದುರು ಮನೆಯ ಅಜ್ಜಿ ನನ್ನ ಪಕ್ಕ ನಡುರಸ್ತೆಗಿಳಿದು ಸುತ್ತಿ ಹೋಗ್ತಾರೆ.

ನಿಮಗೆ ದೊಡ್ಡ ಭಯ ಯಾವುದು?

ಶಿವಾಜಿನಗರದ ಗುಜರಿ. ಅಲ್ಲಿ ಒಟ್ಟಾಗಿ ಬಾಳೋ ಹಾಗಿಲ್ಲ, ಬಿಡಿಬಿಡಿಯಾಗಿ ಬಾಳಬೇಕು. ಓಡಿ ಓಡಿ ಸವೆದು ಅಲ್ಲಿಗೆ ಹೋದರೆ ಬೇಸರವಿಲ್ಲ. ನಿಂತು ನಿಂತು ಕೊಳೆತು ಹೋಗೋದು ಮರ್ಯಾದೆಯಲ್ಲ.

ಕೊನೆಯದಾಗಿ, ಒಳಗೋ ಹೊರಗೋ?

ಗಾಳಿಯಾಡೋ ಶೆಡ್ಡು, ಪ್ಲಗ್ ಪಾಯಿಂಟು, ತಿಂಗಳಿಗೊಮ್ಮೆ ಬಂದು ನೋಡೋ ಮನುಷ್ಯ, ಈ ಮೂರೂ ಇದ್ದರೆ ಒಳಗೇ ಮೇಲು. ಶೆಡ್ಡಿಲ್ಲದಿದ್ದರೆ ಸ್ವಂತ ಕಾಂಪೌಂಡಿನಲ್ಲಿ, ಗಾಳಿಯಾಡೋ ಹೊದಿಕೆಯ ಕೆಳಗೆ ಇಡಿ. ಬೀದಿ ಮಾತ್ರ ಈ ಲೆಕ್ಕಕ್ಕೇ ಬರೋದಿಲ್ಲ. ಅದು ನಿಮ್ಮ ಒಳಗೂ ಅಲ್ಲ, ಹೊರಗೂ ಅಲ್ಲ, ಊರಿನವರದು. ನನ್ನಂಥವನನ್ನು ಕೊಳ್ಳೋ ಮುಂಚೆ ಅಳತೆ ಟೇಪು ಹಿಡಿದು ಮನೆಯ ಗೇಟಿಗೆ ಹೋಗಿ. ಜಾಗ ಸಾಲದಿದ್ದರೆ ವರ್ಷಕ್ಕೆರಡು ಸಲ ಬಾಡಿಗೆಗೆ ತಗೊಳ್ಳಿ. ನಿಮಗೂ ಅಗ್ಗ, ನನಗೂ ಓಡಾಟ, ಅಜ್ಜಿಗೂ ದಾರಿ.