ಹೊಗೆಗೊಂದು ಸುತ್ತುದಾರಿ

ಒಲೆಯ ಹೊಗೆಯನ್ನು ಮನೆಯಿಂದಾಚೆ ಅಟ್ಟಲು ನಮ್ಮ ಹೆಂಗಸರು ಪಟ್ಟ ಪಾಡು ಅಷ್ಟಿಷ್ಟಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದ ಅಸ್ತ್ರ ಒಲೆ ಒಂದೇ ಬೆಂಕಿಯ ಝಳವನ್ನು ಮೂರು ಪಾತ್ರೆಗಳ ಅಡಿ ಹಾಯಿಸಿ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುತ್ತಿತ್ತು. ಆಮೇಲೆ ಗ್ಯಾಸೂ ಬಂತು. ಹೊಗೆಯ ಕಾಟ ತೀರಿತು ಅನ್ನುವಷ್ಟರಲ್ಲಿ ಬೆಂಗಳೂರಿಂದ ನಮ್ಮೂರು ಪಣಕಹಳ್ಳಿಗೆ ಬಂದಿಳಿದ ಅಕ್ಕನ ಮಗ, ತನಗೆ ಹೊಗೆ ಬೇಕು, ಅದೂ ಸುತ್ತಿ ಬರುವ ಹೊಗೆಯೇ ಬೇಕು ಎಂದ. ಅಮೆರಿಕದವರು ಹಾಗೆ ಬಾಡು ಬೇಯಿಸುತ್ತಾರಂತೆ.

ನಮ್ಮ ಜಿಲ್ಲೆ ಈರೋಡಾದರೂ ಗುಜರಿಗೆ, ಜವಳಿಗೆ ಚಾಮರಾಜನಗರವೇ ಹತ್ತಿರ. ಅಲ್ಲಿಂದ 200 ಲೀಟರಿನ ಎಣ್ಣೆ ಡ್ರಮ್ಮು ಬಂತು. ಒಳಗಿನ ಬಣ್ಣ, ಜಿಡ್ಡು ಹೋಗುವವರೆಗೆ ಅದನ್ನು ಬೆಂಕಿಯಲ್ಲಿ ಸುಟ್ಟು ಉಜ್ಜಿದ್ದಾಯಿತು. ಸತುವು ಬಳಿದ ತಗಡು ಮಾತ್ರ ಬೇಡವೇ ಬೇಡ ಎಂದರು ವೆಲ್ಡಿಂಗ್ ಅಣ್ಣ. ಕಾದರೆ ಅದರ ಹೊಗೆ ಮನುಷ್ಯನಿಗೆ ಆಗದು.

ಡ್ರಮ್ಮನ್ನು ಅಡ್ಡ ಮಲಗಿಸಿ ಒಂದು ತುದಿಗೆ ಬೆಂಕಿಗೂಡು ಬೆಸೆದರು. ಹೊಗೆಕೊಳವೆಯೂ ಅದೇ ತುದಿಗೆ, ಮೇಲುಗಡೆ. ನಡುವೆ ಉದ್ದಕ್ಕೂ ದಪ್ಪ ಕಬ್ಬಿಣದ ತಗಡು. ದೂರದ ತುದಿಯಲ್ಲಿ ಮಾತ್ರ ಗೇಣಷ್ಟು ಸಂದಿ. ಹೊಗೆ ತಗಡಿನಡಿ ಓಡಿ, ದಿಂಬಂ ಘಾಟಿಯಲ್ಲಿ ಬಸ್ಸು ಹೊರಳುವಂತೆ ಆ ಸಂದಿಯಲ್ಲಿ ಹೊರಳಿ, ಬಾಡನ್ನು ಸವರಿಕೊಂಡು ವಾಪಸು ಬರಬೇಕು. ಘಾಟಿಯಲ್ಲಿ 27 ತಿರುವು, ಇಲ್ಲಿ ಒಂದೇ.

“ಬಂದ ಕಡೀಕೇ ವಾಪಸ್ ಬರಾಕೆ ಹೊಗೆ ಅಷ್ಟ್ ದೂರ ಏನುಕ್ಲಾ ಹೋಯ್ತದ?” ಎಂದು ಅವ್ವ ಮೊಮ್ಮಗನನ್ನು ತಡವಿದಳು.

ಪ್ರಶ್ನೆ ನ್ಯಾಯವಾದದ್ದೇ. ನೇರ ಬಿಟ್ಟರೆ ಗೂಡಿನ ಪಕ್ಕದ ತುಂಡು ಸೀದು, ಆಚೆಯದು ಹಸಿಯಾಗೇ ಉಳಿಯುತ್ತದೆ. ತಗಡು ಕಾದು ಕೂತರೆ ಕಾವು ಎರಡೂ ತುದಿಗೆ ಹೆಚ್ಚುಕಮ್ಮಿ ಒಂದೇ. ಕೊಬ್ಬು ತೊಟ್ಟಿಕ್ಕಿದರೂ ಬೆಂಕಿಗೆ ಬೀಳದೆ ತಗಡಿನ ಮೇಲೆ ಚುರ್ರೆನ್ನುತ್ತದೆ. 110ರಿಂದ 120 ಡಿಗ್ರಿಯಲ್ಲಿ ತಾಸುಗಟ್ಟಲೆ ಕಾಯಬೇಕು. ಕೊಳವೆಯಲ್ಲಿ ದಟ್ಟ ಬಿಳಿ ಹೊಗೆ ಬಂದರೆ ಬಾಡು ಕಹಿ. ಕಂಡೂ ಕಾಣದ ನೀಲಿ ಹೊಗೆಯೇ ಸರಿ.

ಅವ್ವನ ಉಪ್ಪುಕಂಡಕ್ಕೆ ಇಷ್ಟೆಲ್ಲ ಲೆಕ್ಕವಿರಲಿಲ್ಲ. ಉಪ್ಪು, ಅರಿಸಿನ, ಖಾರ ಸವರಿದ ಬಾಡಿನ ಚೂರುಗಳನ್ನು ದಾರಕ್ಕೆ ಪೋಣಿಸಿ ಒಲೆಯ ಮೇಲೆ ನೇತುಹಾಕಿದರೆ, ಮುದ್ದೆ ಬೇಯಿಸುವ ಹೊಗೆಯೇ ಅದನ್ನೂ ನೋಡಿಕೊಳ್ಳುತ್ತಿತ್ತು. ಪಕ್ಕದಲ್ಲೇ ಬಿತ್ತನೆಯ ಜೋಳದ ತೆನೆಗೂ ಜಾಗ.

ಸೌದೆಯದ್ದು ಬೇರೆ ಪಂಚಾಯ್ತಿ. ಸುತ್ತಲ ಕಾಡು 2013ರಿಂದ ಹುಲಿಗೆ ಮೀಸಲು, ಅತ್ತ ಹೋಗುವ ಮಾತಿಲ್ಲ. ಲಂಟಾನ ಎಲ್ಲೆಲ್ಲೂ ಇದೆ, ಆದರೆ ದನ ತಿಂದರೆ ಕಾಯಿಲೆ ಬೀಳುವ ಗಿಡದ ಹೊಗೆಯನ್ನು ಬಾಡಿಗೆ ಕುಡಿಸಲು ನನಗೆ ಧೈರ್ಯವಿಲ್ಲ. ಹೊಲದ ಬದುವಿನ ಒಣ ಜಾಲಿಯೇ ಗತಿಯಾಯಿತು.

ಬೆಳಿಗ್ಗೆ ಹೊತ್ತಿಸಿದ್ದು ಇಳಿಹೊತ್ತಾದರೂ ಉರಿಯುತ್ತಲೇ ಇತ್ತು. ಅಕ್ಕನ ಮಗ ಮುಚ್ಚಳ ತೆಗೆಯಗೊಡುವುದಿಲ್ಲ, ಕಾವು ಓಡಿಹೋಗುತ್ತದಂತೆ. ಅವ್ವ ಬೆಂಕಿಗೂಡಿನ ನೆತ್ತಿಯ ಮೇಲೆ ಅಂಗೈ ಹಿಡಿದು ನೋಡಿದಳು.

“ಕಾವೆಲ್ಲಾ ಸುಮ್ನೆ ಹಾಳಾಯ್ತದಲ್ಲಾ. ಮ್ಯಾಲೊಂದು ಹಂಡೆ ಮಡುಗ್ಲಾ, ಮೀಯಕ್ಕೆ ನೀರಾದ್ರೂ ಕಾಯ್ಲಿ.”

ಹಂಡೆ ಕೂರಲು ಅಲ್ಲೊಂದು ಬಳೆ ಬೆಸೆಯಬೇಕೆಂದು ವೆಲ್ಡಿಂಗ್ ಅಣ್ಣನಿಗೆ ಫೋನು ಹೋಯಿತು. ಅದರ ಕೂಲಿ ಬೇರೆ ಎಂದರು.