ಹೊತ್ತವನಿಗೆ ಗೊತ್ತು ಟೋನಿನ ತೂಕ

ಬ್ಯಾಂಡಿನಲ್ಲೂ ಒಂದು ವರ್ಣಾಶ್ರಮ ಇದೆ. ಹಾಡುವವನು ಗಂಟಲೊಂದನ್ನೇ ತರುತ್ತಾನೆ. ಮೈಕು, ಮೈಕಿನ ಸ್ಟ್ಯಾಂಡು, ಬಿಸಿನೀರು ಎಲ್ಲ ಬೇರೆಯವರ ಜವಾಬ್ದಾರಿ. ಗಿಟಾರಿನವನು ಬೆನ್ನಿಗೊಂದು ಚೀಲ, ಕೈಯಲ್ಲೊಂದು ಪೆಡಲ್ ಪೆಟ್ಟಿಗೆ ಹಿಡಿದು ಬರುತ್ತಾನೆ. ಡ್ರಮ್ ಸೆಟ್ ಹೆಚ್ಚಿನ ಪಬ್ಬುಗಳಲ್ಲಿ ಅಲ್ಲೇ ಇರುತ್ತದೆ. ಬಾರಿಸುವವನು ಕೋಲು, ಸಿಂಬಲ್ ತಂದರಾಯಿತು. ಬೇಸ್ ಗಿಟಾರಿನವನು ಮಾತ್ರ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೊರಡುತ್ತಾನೆ. ನಾಲ್ಕೇ ತಂತಿ, ಪೋಸ್ಟರಿನಲ್ಲಿ ಅಂಚಿಗೆ ಬಿದ್ದು ಅರ್ಧ ಕತ್ತರಿಸಿಹೋದ ಮುಖ, ಆದರೆ ಸಾಮಾನು ಮಾತ್ರ ಮದುವೆ ದಿಬ್ಬಣದಷ್ಟು.

ಆ ಸಾಮಾನಿನಲ್ಲಿ ಪ್ರಾಣ ಹಿಂಡುವಂಥದ್ದು ಸ್ಪೀಕರ್ ಕೂರಿಸಿದ ಮರದ ಡಬ್ಬ. ಕ್ಯಾಬಿನೆಟ್ ಎಂದು ಪೂರ್ತಿ ಹೇಳುವಷ್ಟು ಉಸಿರು ಉಳಿದಿರುವುದಿಲ್ಲವಾದ್ದರಿಂದ ಎಲ್ಲರೂ ಕ್ಯಾಬ್ ಎನ್ನುತ್ತಾರೆ. ಈಗ ಎಲ್ಲಿ ನೋಡಿದರೂ ಹಗುರ ಕ್ಯಾಬಿನದೇ ಮಾತು. ಒಂದೇ ಕೈಯಲ್ಲಿ ಎತ್ತಬಹುದಂತೆ, ಆದರೂ ಗುಡುಗುತ್ತದಂತೆ. ಗುಡುಗುತ್ತದೋ ಇಲ್ಲವೋ ಆಮೇಲೆ ನೋಡೋಣ. ಇಷ್ಟು ವರ್ಷ ಭಾರವೇ ಭೂಷಣ ಎನ್ನುತ್ತಿದ್ದ ಜನ ಒಮ್ಮೆಲೇ ಹಗುರದ ಭಕ್ತರಾದದ್ದು ಹೇಗೆ ಎಂಬುದು ಮೊದಲ ಪ್ರಶ್ನೆ.

ತಮಾಷೆಯೆಂದರೆ, ಎಲೆಕ್ಟ್ರಿಕ್ ಬೇಸ್ ಹುಟ್ಟಿದ್ದೇ ಭಾರ ಇಳಿಸಲು. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ಅಲೆದು, ಅಷ್ಟು ಮಾಡಿಯೂ ಬ್ಯಾಂಡಿನ ಗದ್ದಲದಲ್ಲಿ ಕೇಳಿಸದೆ ಹೋಗುತ್ತಿದ್ದ ವಾದಕರಿಗೆ 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಕೊಟ್ಟರು. ಕೊರಳಿಗೆ ನೇತುಹಾಕಿಕೊಂಡು ಹೊರಟರಾಯಿತು. ಆದರೆ ಮನುಷ್ಯನಿಗೆ ನೆಮ್ಮದಿ ಎಲ್ಲಿ ಒಗ್ಗುತ್ತದೆ? ಹದಿನೆಂಟೇ ವರ್ಷ. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಎಂಬ 300 ವಾಟ್ ಆಂಪ್ಲಿಫೈಯರ್ ತಂದಿತು. ಹದಿನಾಲ್ಕು ವಾಲ್ವು, 40 ಕಿಲೋ ಆಸುಪಾಸು. ಅದರ ಕೆಳಗಿಡಲು ಹತ್ತಿಂಚಿನ ಎಂಟು ಸ್ಪೀಕರುಗಳ ಕ್ಯಾಬ್. ನೋಡಿದವರೆಲ್ಲ ಅದನ್ನು ಫ್ರಿಜ್ ಎಂದೇ ಕರೆದರು. ಅದರ ನಂತರದ 810ಇ ಮಾದರಿಯ ತೂಕ 140 ಪೌಂಡ್, ಅಂದರೆ 63 ಕಿಲೋಗೂ ಮೇಲೆ. 1969ರಲ್ಲೇ ರೋಲಿಂಗ್ ಸ್ಟೋನ್ಸ್ ತಂಡ ಎಸ್‌ವಿಟಿಗಳನ್ನು ಹೊತ್ತು ಅಮೆರಿಕ ಸುತ್ತಿತು. ಹೊತ್ತು ಎಂದೆನೇ? ತಂಡದ ಬೇಸ್ ಗಿಟಾರಿನವ ಬಿಲ್ ವೈಮನ್ ಖಂಡಿತ ಹೊತ್ತಿರಲಿಕ್ಕಿಲ್ಲ. ಅದಕ್ಕೆ ಲಾರಿ ಇತ್ತು, ಆಳು ಇದ್ದರು.

ಆಗ ಪ್ರತಿಷ್ಠಾಪನೆಯಾದದ್ದೇ ‘ತೂಕವಿದ್ದರೆ ಟೋನ್’ ಎಂಬ ಮಹಾಸಿದ್ಧಾಂತ. ಭಾರದ ಆಯಸ್ಕಾಂತ, ಭಾರದ ಪ್ಲೈವುಡ್, ಭಾರದ ಟ್ರಾನ್ಸ್‌ಫಾರ್ಮರ್. ಎತ್ತುವಾಗ ಸೊಂಟ ಹಿಡಿಯದಿದ್ದರೆ ಅದೆಂಥ ಬೇಸ್? ಈ ಸಿದ್ಧಾಂತವನ್ನು ಪ್ರತಿಪಾದಿಸಿದವರು ಯಾರೂ ಅದನ್ನು ಎರಡನೇ ಮಹಡಿಗೆ ಹತ್ತಿಸಿದವರಲ್ಲ. ಹತ್ತಿಸಿದವರ ಅಭಿಪ್ರಾಯವನ್ನು ಯಾವ ಸಂಗೀತ ಪತ್ರಿಕೆಯೂ ಕೇಳಲಿಲ್ಲ.

ಆ ಫ್ರಿಜ್ಜಿನ ತಾಂತ್ರಿಕ ವಿವರವನ್ನು ಯಾರಾದರೂ ಓದಿದ್ದರೆ ಸಿದ್ಧಾಂತಕ್ಕೆ ಅಲ್ಲೇ ತಿಲತರ್ಪಣ ಆಗುತ್ತಿತ್ತು. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್. 810ಇ ಕ್ಯಾಬ್ ತನ್ನ ದನಿಯನ್ನು ಹೆಚ್ಚುಕಡಿಮೆ ಉಳಿಸಿಕೊಳ್ಳುವುದು 58 ಹರ್ಟ್ಸ್‌ವರೆಗೆ. 40ಕ್ಕೆ ಬರುವಷ್ಟರಲ್ಲಿ ಹತ್ತು ಡೆಸಿಬಲ್ ಕುಸಿದಿರುತ್ತದೆ. ಅಂದರೆ ಅರವತ್ತಮೂರು ಕಿಲೋ ಹೊತ್ತವರು ಹೊತ್ತದ್ದು ಆಳದ ಸ್ವರವನ್ನಲ್ಲ, ಆಳದ ಸ್ವರದ ನಂಬಿಕೆಯನ್ನು. ನಮ್ಮ ಕಿವಿ 82 ಹರ್ಟ್ಸ್‌ನಿಂದ ಮೇಲಕ್ಕಿರುವ ಮೇಲುಸ್ವರಗಳನ್ನು ಕೇಳಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅಷ್ಟು ಉದಾರಿ ಕಿವಿಯನ್ನು ದೇವರು ಕೊಟ್ಟಿರುವುದರಿಂದಲೇ ಬೇಸ್ ಕ್ಯಾಬಿನ ವ್ಯಾಪಾರ ನಡೆಯುತ್ತಿರುವುದು.

ಕಾಲ ಬದಲಾಯಿತು. ಲಾರಿ ಹೋಯಿತು, ಆಳು ಹೋದರು, ಸಂಭಾವನೆ ಇದ್ದಲ್ಲೇ ನಿಂತಿತು. ಈಗ ನಮ್ಮ ಬೇಸ್ ಗಿಟಾರಿನವನನ್ನು ಬೆಂಗಳೂರಿನಲ್ಲಿ ನೋಡಬೇಕು. ಹಗಲು ಸಾಫ್ಟ್‌ವೇರ್, ರಾತ್ರಿ ಸಾಫ್ಟ್ ರಾಕ್. ಪಬ್ ಇರುವುದು ಇಂದಿರಾನಗರದ ಯಾವುದೋ ಕಟ್ಟಡದ ತಾರಸಿಯಲ್ಲಿ. ಲಿಫ್ಟ್ ಇದೆ, ಆದರೆ ಅದು ಗಿರಾಕಿಗಳಿಗೆ. ಕಲಾವಿದರಿಗೆ ಹಿಂದಿನ ಮೆಟ್ಟಿಲು, ಅಡುಗೆಮನೆಯ ಪಕ್ಕದಲ್ಲಿ, ಎಣ್ಣೆ ಜಿಡ್ಡಿನದು. ಸೆಕ್ಯುರಿಟಿಯವನು ಕೈಕೊಡಲು ಬಂದು ಒಂದು ಮೂಲೆ ಎತ್ತಿ, ಹಾಗೇ ಇಳಿಸಿ, “ಏನ್ ಸಾರ್ ಇದು, ಒಳಗೆ ಕಲ್ಲು ತುಂಬಿದೀರಾ?” ಎನ್ನುತ್ತಾನೆ. “ಇಲ್ಲಪ್ಪ, ಟೋನ್” ಎಂದು ಉತ್ತರಿಸುವ ಧೈರ್ಯ ಯಾವ ಕಲಾವಿದನಿಗೂ ಇಲ್ಲ.

ಯಾವಾಗ ಕ್ಯಾಬ್ ತನ್ನದೇ ಹೆಗಲಿಗೆ ಬಂತೋ ಆಗ ಬೇಸ್ ಗಿಟಾರಿನವನಿಗೆ ಭೌತಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿತು. ತೂಕಕ್ಕೂ ಟೋನಿಗೂ ಸಂಬಂಧವೇ ಇಲ್ಲ ಎಂದು ರಾತ್ರೋರಾತ್ರಿ ಜ್ಞಾನೋದಯವಾಯಿತು.

ಜ್ಞಾನ ಸುಳ್ಳಲ್ಲ, ಅದನ್ನು ಒಪ್ಪಬೇಕು. ಹಳೆಯ ಸ್ಪೀಕರಿನ ತೂಕದಲ್ಲಿ ದೊಡ್ಡ ಪಾಲು ಬೆನ್ನಿನ ಫೆರೈಟ್ ಆಯಸ್ಕಾಂತದ್ದು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾತೊ ಸಗಾವಾ ಒಂದು ಕಡೆ, ಅಮೆರಿಕದ ಜನರಲ್ ಮೋಟರ್ಸ್ ಬಳಗ ಇನ್ನೊಂದು ಕಡೆ ನಿಯೋಡಿಮಿಯಮ್ ಆಯಸ್ಕಾಂತ ಕಂಡುಹಿಡಿದರು. ಕೆಲಸ ಅಷ್ಟೇ, ತೂಕ ಅದರ ಒಂದು ಚೂರು. ಆಂಪ್ಲಿಫೈಯರ್ ಕ್ಲಾಸ್ ಡಿ ಎಂಬ ಬಗೆಯ ಸರ್ಕ್ಯೂಟಿಗೆ ಬದಲಾಗಿ 40 ಕಿಲೋದಿಂದ ಎರಡು ಮೂರು ಕಿಲೋಗೆ ಇಳಿದು ಚೀಲದ ಜೇಬು ಸೇರಿತು. ದಪ್ಪ ಹಲಗೆಯ ಬದಲು ತೆಳು ಪ್ಲೈವುಡ್ ಹಾಕಿ, ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡುವ ಬುದ್ಧಿ ಬಡಗಿಗಳಿಗೆ ಬಂತು. ಹನ್ನೆರಡಿಂಚಿನ ಒಂದು ಸ್ಪೀಕರಿನ ಒಳ್ಳೆಯ ಕ್ಯಾಬ್ ಇಂದು ಹನ್ನೊಂದು ಹನ್ನೆರಡು ಕಿಲೋಗೆ ಸಿಗುತ್ತದೆ. ಇದು ಕಡಿಮೆ ಸಾಧನೆಯೇನಲ್ಲ.

ಆದರೆ ಸಾಧನೆ ಇದ್ದಲ್ಲಿ ಸೇಲ್ಸ್‌ನವರು ಬರುತ್ತಾರೆ. ಕ್ಯಾಬಿನ ಬೆನ್ನಿಗೆ ಒಂದು ಲೋಹದ ಫಲಕ ಇರುತ್ತದೆ. ಕೇಬಲ್ ಸಿಕ್ಕಿಸುವ ಜಾಗ. ಅದನ್ನು ಬಗ್ಗಿ ನಿಧಾನವಾಗಿ ಓದಿ, ಪುರಾಣ ಓದಿದಷ್ಟೇ ಪುಣ್ಯ ಬರುತ್ತದೆ. ಮೊದಲ ಸಾಲಿನಲ್ಲಿ 500 ವಾಟ್. ಅದರ ಕೆಳಗೆ ಪ್ರೋಗ್ರಾಂ ಎಂಬ ಹೆಸರಿನಲ್ಲಿ 1000. ಅದಕ್ಕೂ ಕೆಳಗೆ ಪೀಕ್ ಎಂದು 2000. ಡಬ್ಬ ಒಂದೇ, ಫಲಕದ ಮೇಲೆ ವಾಟ್ ಮಾತ್ರ ದ್ವಿಗುಣವಾಗುತ್ತಾ ಇಳಿಯುತ್ತದೆ. ಆ ಮೊದಲ 500 ಕೂಡ ಸ್ಪೀಕರಿನ ತಂತಿ ಸುರುಳಿ ಸುಟ್ಟುಹೋಗದೆ ತಾಳುವ ಶಾಖದ ಲೆಕ್ಕ. ಕೆಳಸ್ವರ ಗಟ್ಟಿಯಾಗಿ ನುಡಿಸಿದರೆ ಕಾಗದದ ಕೋನ್ ತನ್ನ ಓಡಾಟದ ಮಿತಿಯನ್ನು ಎಷ್ಟೋ ಸಲ ಅದರ ಅರ್ಧಕ್ಕೇ ಮುಟ್ಟಿ ಪರಪರ ಎನ್ನತೊಡಗುತ್ತದೆ. ಆ ಪರಪರಕ್ಕೆ ಫಲಕದ ಮೇಲೆ ಅಂಕಣವಿಲ್ಲ.

ಆಮೇಲೆ ಬರುತ್ತದೆ ‘35 ಹರ್ಟ್ಸ್‌ನಿಂದ 18 ಕಿಲೋಹರ್ಟ್ಸ್’. ಪಕ್ಕದಲ್ಲಿ ಇರುವೆ ಗಾತ್ರದಲ್ಲಿ ‘ಮೈನಸ್ ಹತ್ತು ಡಿಬಿ’. ಆ ಇರುವೆ ಹೇಳುವುದು ಇಷ್ಟೇ: 35ರಲ್ಲಿ ಉಳಿದಿರುವ ಶಕ್ತಿ ಹತ್ತರಲ್ಲಿ ಒಂದು ಪಾಲು. ಹತ್ತು ರೂಪಾಯಿ ಸಾಲ ಕೊಟ್ಟವನಿಗೆ ಒಂದು ರೂಪಾಯಿ ತಂದುಕೊಟ್ಟು ‘ತೀರಿಸಿದೆ’ ಎನ್ನುವವನನ್ನು ನಾವು ಊರಿನಲ್ಲಿ ಏನೆನ್ನುತ್ತೇವೋ ಅದನ್ನು ಕಂಪನಿಯವರು ಫ್ರೀಕ್ವೆನ್ಸಿ ರೆಸ್ಪಾನ್ಸ್ ಎನ್ನುತ್ತಾರೆ. ಇನ್ನು 18 ಕಿಲೋಹರ್ಟ್ಸ್‌ನ ಕತೆ. ಅದಕ್ಕೋಸ್ಕರ ಒಂದು ಟ್ವೀಟರ್ ಕೂರಿಸಿರುತ್ತಾರೆ, ಅದರ ದನಿ ತಗ್ಗಿಸಲು ಹಿಂದೆ ಒಂದು ತಿರುಪು ಇಟ್ಟಿರುತ್ತಾರೆ. ಕೊಂಡವರಲ್ಲಿ ಬಹಳ ಮಂದಿ ಆ ತಿರುಪನ್ನು ಮೊದಲ ದಿನವೇ ಸೊನ್ನೆಗೆ ತಿರುಗಿಸಿ ನಿಟ್ಟುಸಿರು ಬಿಡುತ್ತಾರೆ. ದುಡ್ಡು ಕೊಟ್ಟು ತಂದು, ಹೆಗಲ ಮೇಲೆ ಹೊತ್ತು, ಬಾಯಿ ಮುಚ್ಚಿಸುವುದು.

ಇಷ್ಟಕ್ಕೂ ಗಿರಾಕಿ ಬೇಡುವುದೇನು? ಡಬ್ಬ ಚಿಕ್ಕದಿರಬೇಕು, ಆಳದ ಸ್ವರ ಬೇಕು, ಕೂಗಿದರೆ ಬೀದಿಗೆ ಕೇಳಬೇಕು. ಕೆಎಲ್‌ಎಚ್ ಎಂಬ ಅಮೆರಿಕದ ಸ್ಪೀಕರ್ ಕಂಪನಿಯ ಹೆಸರಿನಲ್ಲಿ ‘ಎಚ್’ ಆಗಿ ಕೂತ ಜೋಸೆಫ್ ಆಂಟನ್ ಹಾಫ್‌ಮನ್ ಇದಕ್ಕೆ ಎಂದೋ ತೀರ್ಪು ಕೊಟ್ಟುಬಿಟ್ಟರು: ಮೂರರಲ್ಲಿ ಎರಡು ಕೇಳಿ, ಮೂರನೆಯದು ಸಿಗದು. ಆ ನಿಯಮದಲ್ಲಿ ತೂಕದ ಮಾತೇ ಇಲ್ಲ, ಗಾತ್ರದ ಮಾತಿದೆ. ನಿಯೋಡಿಮಿಯಮ್ ತೂಕ ಇಳಿಸಿತೇ ಹೊರತು ಡಬ್ಬದೊಳಗಿನ ಗಾಳಿಗೆ ರಿಯಾಯಿತಿ ಕೊಡಲಿಲ್ಲ. ಹಗುರವಾದದ್ದು ದೊಡ್ಡದಾಗಿಯೂ ಇರಬಹುದು, ಇದ್ದರೆ ಒಳ್ಳೆಯದೇ. ಆದರೆ ಗಿರಾಕಿಯ ತಲೆಯಲ್ಲಿ ಹಗುರ ಅಂದರೆ ಪುಟಾಣಿ, ಪುಟಾಣಿ ಅಂದರೆ ಕಾರಿನ ಡಿಕ್ಕಿ. ಹಾಗಾಗಿ ಅವನು ಪುಟಾಣಿಯನ್ನೇ ಕೊಳ್ಳುತ್ತಾನೆ. ಅದು ಕೂಗುವುದಿಲ್ಲ. ಕೂಗಿಸಲು ಇಮ್ಮಡಿ ವಾಟ್‌ನ ಆಂಪ್ ತರುತ್ತಾನೆ. ವಾಟ್ ಇಮ್ಮಡಿಯಾದರೆ ಸಿಗುವುದು ಬರೀ ಮೂರು ಡೆಸಿಬಲ್; ಡ್ರಮ್ಮರ್ ಹುಬ್ಬು ಗಂಟಿಕ್ಕಿದರೆ ಅದೂ ಮುಳುಗಿಹೋಗುತ್ತದೆ.

ಹಾಗಾದರೆ ಕೊಳ್ಳುವುದು ಹೇಗೆ? ಅಂಗಡಿಯಲ್ಲಿ ಎತ್ತಿ ನೋಡುವುದನ್ನು ಬಿಡಿ. ಅಂಗಡಿ ನೆಲಮಹಡಿ, ಎಸಿ ಇದೆ, ಕಾಫಿ ಕೊಡುತ್ತಾರೆ. ಅಲ್ಲಿ ಯಾವುದೂ ಭಾರವಿಲ್ಲ. ಎತ್ತಿಕೊಂಡು ಹೊರಗೆ ಬಂದು ಎರಡು ಮಹಡಿ ಹತ್ತಿ ಇಳಿಯಿರಿ. ಹಿಡಿ ಮೇಲ್ಭಾಗದ ನಡುವಿನಲ್ಲಿದೆಯೋ, ಒಂದು ಪಕ್ಕಕ್ಕಿದ್ದು ಪ್ರತಿ ಮೆಟ್ಟಿಲಿಗೂ ಮೊಣಕಾಲು ಜಜ್ಜುತ್ತದೋ ಎಂಬುದು ಯಾವ ಫಲಕದ ಮೇಲೂ ಬರೆದಿರುವುದಿಲ್ಲ. ಒಂದೇ ದೊಡ್ಡದಕ್ಕಿಂತ ಎಂಟು ಓಮ್‌ನ ಎರಡು ಚಿಕ್ಕವು ಲೇಸು: ಸಣ್ಣ ಪಬ್ಬಿಗೆ ಒಂದು, ಕಾಲೇಜಿನ ಮೈದಾನಕ್ಕೆ ಎರಡು. ಜೋಡಿಸಿದರೆ ನಾಲ್ಕು ಓಮ್ ಆಗಿ ಆಂಪ್ ಮೈಚಳಿ ಬಿಟ್ಟು ದುಡಿಯುತ್ತದೆ, ಕೋನುಗಳೂ ಇಮ್ಮಡಿಯಾಗುತ್ತವೆ. ಒಂದರ ಮೇಲೊಂದು ನಿಲ್ಲಿಸಿ. ಕ್ಯಾಬನ್ನು ನೆಲದ ಮೇಲಿಟ್ಟು ಅದರೆದುರು ನಿಂತು ‘ನನಗೇ ಕೇಳಿಸ್ತಿಲ್ಲ’ ಎಂದು ವಾಲ್ಯೂಮ್ ತಿರುಗಿಸುವವನ ಕಿವಿ ಮೊಣಕಾಲಿನಲ್ಲಿ ಇರುವುದಿಲ್ಲ. ಬಿಯರ್ ಕ್ರೇಟ್ ಪಬ್ಬಿನಲ್ಲಿ ಧಾರಾಳವಾಗಿ ಸಿಗುವ ವಸ್ತು. ಅದರ ಮೇಲೆ ಏರಿಸಿದರೆ ಗುಂಯ್‌ಗುಡುವುದೂ ತಗ್ಗುತ್ತದೆ. ಇನ್ನು, ಒಬ್ಬನೇ ಕೂತು ನುಡಿಸಿ ಮೆಚ್ಚಬೇಡಿ. ಏಕಾಂತದಲ್ಲಿ ಎಲ್ಲ ಕ್ಯಾಬೂ ಚೆಲುವೆಯೇ. ಡ್ರಮ್ಮರ್‌ನನ್ನು ಕರೆದುಕೊಂಡು ಹೋಗಿ, ಪರೀಕ್ಷೆ ಅವನೇ ಮಾಡುತ್ತಾನೆ.

ಇಷ್ಟೆಲ್ಲ ಓದಿ, ಅಳೆದು, ಆಮದು ಸುಂಕ ಕಟ್ಟಿ, ಕಿಲೋ ಕಮ್ಮಿಯಾದಷ್ಟೂ ಏರುವ ರೂಪಾಯಿ ಎಣಿಸಿ ತಂದ ಕ್ಯಾಬನ್ನು ವೇದಿಕೆಗೆ ಏರಿಸಿದ ಮೇಲೆ ಸೌಂಡ್ ಎಂಜಿನಿಯರ್ ಬರುತ್ತಾನೆ. ಕೈಯಲ್ಲಿ, ಗಿಟಾರಿನ ದನಿಯನ್ನು ನೇರ ಮಿಕ್ಸರಿಗೆ ದಾಟಿಸುವ ಅಂಗೈಯಗಲದ ಡಿಐ ಬಾಕ್ಸ್.

“ಬ್ರೋ, ಬೇಸ್ ಇದಕ್ಕೆ ಹಾಕಿ.”

“ಅಣ್ಣಾ, ಕ್ಯಾಬಿಗೆ ಮೈಕ್ ಇಡಲ್ವಾ? ಹೊಸಾದು. ನಿಯೋ.”

“ಡಿಐ ಸಾಕು ಬ್ರೋ. ಆಮೇಲೆ ಸ್ಟೇಜ್ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ, ವೋಕಲ್ ಮೈಕಿಗೆ ನುಗ್ತಿದೆ.”

ಅಲ್ಲಿಗೆ ಮುಗಿಯಿತು. ಸಭಿಕರಿಗೆ ಕೇಳುವುದು ಗಿಟಾರಿನಿಂದ ನೇರವಾಗಿ ಡಿಐಗೆ ಹೋದ ದನಿ. ಕ್ಯಾಬಿನ ದನಿ ಕೇಳುವುದು ನುಡಿಸುವವನಿಗೆ ಮತ್ತು ಅವನ ಹಿಂದಿನ ಗೋಡೆಗೆ. ಕಿವಿಯೊಳಗೆ ಇನ್-ಇಯರ್ ಮಾನಿಟರ್ ಸಿಕ್ಕಿಸಿಕೊಂಡಿದ್ದರೆ ಗೋಡೆಗೆ ಮಾತ್ರ.

ಸಭಿಕರ ಎದೆ ನಡುಗಿಸುವ ಆ 41 ಹರ್ಟ್ಸ್ ಹಾಗಾದರೆ ಎಲ್ಲಿಂದ ಬರುತ್ತದೆ? ವೇದಿಕೆಯ ಕೆಳಗೆ, ಕಪ್ಪು ಬಟ್ಟೆಯ ಮರೆಯಲ್ಲಿ ಕೂತ ಸಬ್‌ವೂಫರ್‌ಗಳಿಂದ. ಹದಿನೆಂಟಿಂಚಿನ ಎರಡೆರಡು ಸ್ಪೀಕರಿನ ಡಬಲ್ ಏಯ್ಟೀನ್‌ಗಳು, ಒಂದೊಂದೂ 80 ಕಿಲೋ ದಾಟುವುದು ಮಾಮೂಲು. ಅವನ್ನು ಮಧ್ಯಾಹ್ನದ ಬಿಸಿಲಲ್ಲಿ ಟೆಂಪೋದಿಂದ ಇಳಿಸಿ, ನಡುರಾತ್ರಿ ಮತ್ತೆ ಟೆಂಪೋಗೆ ಏರಿಸುವವರು ಸೌಂಡ್ ಕಂಪನಿಯ ಹುಡುಗರು. ಕಾಲಲ್ಲಿ ಹವಾಯಿ ಚಪ್ಪಲಿ, ಕೈಗೆ ಗ್ಲೌಸ್ ಇಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾದಿಂದ ನವೆಂಬರಿನ ರಾಜ್ಯೋತ್ಸವದವರೆಗೆ ಅವರಿಗೆ ಬಿಡುವಿಲ್ಲ.

ನಮ್ಮ ಕ್ಯಾಬ್ ಹಗುರವಾಗಿ ನಿಭಾಯಿಸಿಕೊಂಡದ್ದು ಹೀಗೆ. ಅದು ಎತ್ತಲಾಗದ ಸ್ವರವನ್ನು ಇನ್ನೊಂದು ಡಬ್ಬ ಎತ್ತುತ್ತಿದೆ, ಆ ಡಬ್ಬವನ್ನು ಇನ್ನೊಬ್ಬರು ಎತ್ತುತ್ತಿದ್ದಾರೆ. ಎಸ್‌ವಿಟಿ ಕಾಲದ ಆಳುಗಳು ಎಲ್ಲೂ ಹೋಗಿಲ್ಲ. ಬೇಸ್ ಗಿಟಾರಿನವನ ಪಟ್ಟಿಯಿಂದ ಸೌಂಡ್ ಕಂಪನಿಯ ಪಟ್ಟಿಗೆ ವರ್ಗವಾಗಿದ್ದಾರೆ, ಅಷ್ಟೇ. ಸಬ್‌ವೂಫರ್ ಬಗ್ಗೆ ಮಾತು ತೆಗೆದರೆ ನಿಯೋಡಿಮಿಯಮ್ ಪಂಡಿತರೂ ಇಂದಿಗೂ ಗಂಭೀರವಾಗಿ ಹೇಳುವುದು ಒಂದೇ: “ಸಬ್ ಅಂದ್ರೆ ಸ್ವಲ್ಪ ವೇಯ್ಟ್ ಇರ್ಬೇಕು ಗುರು, ಆಗಲೇ ಪಂಚ್.” ಆ ಪಂಚ್ ಹೊರುವ ಹುಡುಗರ ಕೂಲಿ ಇಮ್ಮಡಿಯಾಗಲಿ, ಸಬ್‌ವೂಫರಿನ ಟೋನಿಗೂ ತೂಕಕ್ಕೂ ಸಂಬಂಧವಿಲ್ಲವೆಂದು ವಿಜ್ಞಾನ ಮರುದಿನವೇ ಸಾಧಿಸಿ ತೋರಿಸುತ್ತದೆ.