ಗಿಟಾರ್ ಬಂಧುಲಕ್ಷಣಂ

ಬಂಧುಗಳು ಮೂರು ವಿಧ: ಬಗ್ಗಿದವರು, ಅಂಟಿದವರು, ಶ್ರುತಿಗೆ ಸಿಗದವರು. ಸ್ಟೋರ್‌ರೂಮಿನಲ್ಲಿ ಕೂತು ಎರಡು ವರ್ಷ ಒಂದೇ ಗಿಟಾರ್ ಕಟ್ಟಿದ ಮೇಲೆ ನನಗೆ ಹೊಳೆದ ವರ್ಗೀಕರಣ ಇದು. ನಾಲ್ಕನೆಯದೂ ಉಂಟೆನ್ನುವ ಪೂರ್ವಪಕ್ಷಿಗಳು ಗಿಟಾರ್ ಕೊಂಡವರೇ ಹೊರತು ಕಟ್ಟಿದವರಲ್ಲ.

ಬಗ್ಗಿದವರಿಗೆ ಉದಾಹರಣೆ, ಬೀಟೆ. ನಮ್ಮ ಘಟ್ಟದ ಈ ಮರವನ್ನು ಹೊರದೇಶದ ಗಿಟಾರ್ ಬಡಗಿಗಳೂ ಬೆನ್ನಿಗೆ, ಪಕ್ಕೆಗೆ ಬಳಸುತ್ತಾರೆ. ಎರಡು ಮಿ.ಮೀ. ದಪ್ಪದ ಪಟ್ಟಿಯನ್ನು ಒದ್ದೆ ಮಾಡಿ ಕಾದ ಕೊಳವೆಗೆ ಒತ್ತಬೇಕು. ಮರ ಸಡಿಲವಾದದ್ದು ಕೈಗೆ ತಿಳಿಯುವ ಒಂದು ಗಳಿಗೆ ಇದೆ. ಅದಕ್ಕೆ ಮುಂಚೆ ಆತುರಪಟ್ಟರೆ ಚಟ್! ನನ್ನದು ಮೂರು ಸಲ ಚಟ್ ಎಂದಿತು. ನಾದಿನಿಯ ಮದುವೆ ಮಾತುಕತೆಯಲ್ಲೂ ಹೀಗೇ ಆಗಿತ್ತು, ವಿವರ ಅನವಶ್ಯಕ.

1862ರಲ್ಲಿ ಸ್ಪೇನಿನ ಗಿಟಾರ್ ಬಡಗಿ ಆಂತೋನಿಯೊ ದೆ ತೋರೆಸ್ ಬೆನ್ನು, ಪಕ್ಕೆಗಳನ್ನು ಬರೀ ಕಾಗದದ ರಟ್ಟಿನಿಂದ ಮಾಡಿ, ನಾದದ ಬಹುಪಾಲು ಮೇಲುಹಲಗೆಯದೆಂದು ತೋರಿಸಿದ. ಅಲ್ಲಿಗೆ ಬೀಟೆಗೆ ನಾನು ಸುರಿದ ದುಡ್ಡು ಬೀಗರಿಗೆ ಉಡಿಸಿದ ಸೀರೆಯಂತಾಯಿತು.

ಅಂಟಿದವರಲ್ಲಿ ಎರಡು ಉಪಭೇದ. ಚರ್ಮ ಬೇಯಿಸಿದ ಅಂಟಿನವರು ಬಿಸಿ, ತೇವ ತಗುಲಿದರೆ ಬಿಡುತ್ತಾರೆ, ರಿಪೇರಿಯಾದ ಮೇಲೆ ಮತ್ತೆ ಕೂಡುತ್ತಾರೆ. ಎಪಾಕ್ಸಿಯವರನ್ನು ಎಬ್ಬಿಸಹೋದರೆ ಮರವೇ ಸೀಳೀತು. ಪಾಲುಪಟ್ಟಿ ಬರೆಯುವ ವಕೀಲರಿಗೆ ಈ ಭೇದ ತಿಳಿದಂತಿಲ್ಲ.

ಶ್ರುತಿಗೆ ಸಿಗದವರೇ ಶಾಸ್ತ್ರದ ತಿರುಳು. ಗಿಟಾರಿನ ಎರಡನೇ ತಂತಿ ಬಿ. ಅದರ ಒಂದು ಪಕ್ಕ ಜಿ, ಇನ್ನೊಂದು ಪಕ್ಕ ಇ. ಜಿ ಜೊತೆ ಹಿತವಾಗುವಷ್ಟು ಬಿಯನ್ನು ಇಳಿಸಿದರೆ ಇ ಜೊತೆ ಒರಟಾಗುತ್ತದೆ. ಇಗೆ ಒಪ್ಪುವಷ್ಟು ಏರಿಸಿದರೆ ಜಿ ಮುನಿಸಿಕೊಳ್ಳುತ್ತದೆ. ತಪ್ಪು ಕಿವಿಯದಲ್ಲ, ಪಾಲು ಮಾಡಿದ್ದರದು. ಸ್ಥಾಯಿಯನ್ನು ಸಮನಾಗಿ 12 ಪಾಲು ಮಾಡಿದರೆ ಜಿ–ಬಿ ನಡುವಿನ ಅಂತರ, ಅಂದರೆ ನಮ್ಮ ಷಡ್ಜದಿಂದ ಅಂತರ ಗಾಂಧಾರಕ್ಕಿರುವಷ್ಟು, ಸಹಜಕ್ಕಿಂತ ಸುಮಾರು 14 ಸೆಂಟ್ ಜಾಸ್ತಿಯಾಗುತ್ತದೆ. ಇಂಥ ಒಂದು ಪಾಲಿಗೆ 100 ಸೆಂಟ್. ಜಮೀನಿನ ಸೆಂಟ್ ಅಲ್ಲ, ಆದರೂ ಜಗಳಕ್ಕೆ ಸಾಕು. ಜಿ ನಮ್ಮಮ್ಮ, ಇ ನನ್ನ ಹೆಂಡತಿ. ಬಿ ಯಾರೆಂದು ಬಿಡಿಸಿ ಹೇಳುವುದಿಲ್ಲ.

ಮೊನ್ನೆ ರಾತ್ರಿ ಸ್ಟೋರ್‌ರೂಮಿನಲ್ಲಿ ಢಣ್ ಎಂದಿತು. ಆರು ಉಕ್ಕಿನ ತಂತಿಗಳ ಸುಮಾರು 70 ಕಿಲೋ ಎಳೆತಕ್ಕೆ ಮೇಲುಹಲಗೆಗೆ ನಾನು ಅಂಟಿಸಿದ್ದ ಬ್ರಿಡ್ಜ್ ಕಿತ್ತುಬಂದಿತ್ತು.

“ಏನೋ ಬಿತ್ತಲ್ಲೋ, ಕೊಳಗಾನಾ?” ಅಂದರು ಅಮ್ಮ.

“ಬೆಕ್ಕಿರಬೇಕು ಕಣ್ರೀ” ಅಂದಳು ಹೆಂಡತಿ.

ಇಬ್ಬರಿಗೂ ಹೂಂ ಅಂದೆ.